ಲಿಫ್ಟಣ್ಣ ಮೂರನೆಯ ಮಹಡಿಯಲ್ಲಿ ಇಳಿದದ್ದು

ಡಾಕ್ಟರ ಹತ್ತಿರ ಹೋಗುವುದರಿಂದಲೇ ಮನುಷ್ಯನಿಗೆ ಕಾಯಿಲೆ ಬರುತ್ತದೆ ಎಂಬುದು ಲಿಫ್ಟಣ್ಣನ ಗಟ್ಟಿ ನಂಬಿಕೆ. ಇದು ಅವನು ಯಾರ ಬಾಯಿಂದಲೋ ಕೇಳಿ ಕಲಿತದ್ದಲ್ಲ, ದಿನಬೆಳಗಾದರೆ ಕಣ್ಣಾರೆ ಕಾಣುತ್ತಿದ್ದದ್ದು. ಆ ಕಟ್ಟಡದ ಮೊದಲನೆಯ ಮಹಡಿಯಲ್ಲಿ ವಕೀಲರು, ಎರಡನೆಯದರಲ್ಲಿ ವಿಮಾ ಕಚೇರಿ, ಮೂರನೆಯದರಲ್ಲಿ ಡಾಕ್ಟರು. ಒಂದು ಕೆಮ್ಮು ಹಿಡಿದುಕೊಂಡು ಹರಟೆ ಹೊಡೆಯುತ್ತಾ ಮೇಲೆ ಹೋದವರು ಕೆಳಗೆ ಬರುವಾಗ ಮುಖ ಇಷ್ಟು ಸಣ್ಣಗೆ ಮಾಡಿಕೊಂಡು, ಕಂಕುಳಲ್ಲಿ ದೊಡ್ಡ ಲಕೋಟೆ ಅವುಚಿಕೊಂಡು, ಉಪ್ಪು ಬಿಡಬೇಕಂತೆ, ಸಕ್ಕರೆ ಬಿಡಬೇಕಂತೆ ಎಂದು ಗೊಣಗುತ್ತಾ ಬರುತ್ತಿದ್ದರು. ಏರುವಾಗ ನೆಟ್ಟಗಿದ್ದವರು ಇಳಿಯುವಾಗ ರೋಗಿಗಳಾಗಿದ್ದಾರೆಂದರೆ ರೋಗ ತಗುಲಿದ್ದು ಎಲ್ಲಿ? ಲಿಫ್ಟಿನಲ್ಲಂತೂ ಅಲ್ಲ. ಆದ್ದರಿಂದ ಲಿಫ್ಟಣ್ಣ ಮೂರನೆಯ ಮಹಡಿಯಲ್ಲಿ ಬಾಗಿಲು ತೆಗೆಯುತ್ತಿದ್ದನೇ ಹೊರತು ಅಪ್ಪಿತಪ್ಪಿಯೂ ಅಲ್ಲಿ ಕಾಲಿಡುತ್ತಿರಲಿಲ್ಲ.

ಲಿಫ್ಟು ತುಂಬ ಹಳೆಯದು. ಮಡಚುವ ಕಬ್ಬಿಣದ ಬಾಗಿಲು, ಹಿತ್ತಾಳೆಯ ಹಿಡಿ, ಮೂಲೆಯಲ್ಲೊಂದು ಸ್ಟೂಲು, ಸ್ಟೂಲಿನ ಮೇಲೆ ಅವನು. ಅವಸರದವರು ಮೆಟ್ಟಿಲು ಹತ್ತಿ ಹೋಗುತ್ತಿದ್ದರು. ಅವಸರವಿಲ್ಲದವರು, ಅಂದರೆ ವಯಸ್ಸಾದವರು, ರೋಗಿಗಳು ಮತ್ತು ಕೋರ್ಟಿನಲ್ಲಿ ಕೇಸು ಹಾಕಿದವರು, ಲಿಫ್ಟಣ್ಣನ ಪಾಲಿಗೆ ಬರುತ್ತಿದ್ದರು.

ಒಂದು ಸಂಜೆ ಅವನ ಎದೆಯ ಎಡಗಡೆ ಚಳುಕು ಹೊಡೆಯಿತು. ಮಾರನೆಯ ಸಂಜೆ ಮತ್ತೆ ಹೊಡೆದು ಭುಜದವರೆಗೂ ಏರಿತು. ಹಾಳಾಗಿ ಹೋಗಲಿ ಎಂದು ಸುಮ್ಮನಿದ್ದರೆ ಅದು ಹಾಳಾಗಿ ಹೋಗಲಿಲ್ಲ. ಆಗ ಲಿಫ್ಟಣ್ಣ ಸ್ಟೂಲಿನ ಮೇಲೆ ಕೂತು, ಡಾಕ್ಟರನ್ನು ಕಾಣುವುದರ ಲಾಭನಷ್ಟಗಳನ್ನು ನ್ಯಾಯಾಧೀಶನ ಹಾಗೆ ತೂಗಿ ನೋಡಿದ. ಲಾಭವೇನು? ವಾಸಿಯಾಗಬಹುದು. ಆದರೆ ಹೋಗದಿದ್ದರೂ ವಾಸಿಯಾಗಬಹುದು. ಹಾಗಾಗಿ ಅದು ಲಾಭದ ಲೆಕ್ಕಕ್ಕೆ ಬರುವುದಿಲ್ಲ. ನಷ್ಟವೋ ಬೇಕಾದಷ್ಟಿದೆ. ಹೋದ ವರ್ಷ ಲಿಫ್ಟಿಗೆ ಒಂದು ಬಲ್ಬು ಹಾಕಲು ಬಂದ ಮೆಕ್ಯಾನಿಕ್ಕು ಸುಮ್ಮನೆ ಹಾಕಿ ಹೋಗದೆ, ಮೇಲೆ ಕೆಳಗೆ ಇಣುಕಿ, ಹಗ್ಗ ಸವೆದಿದೆ, ಗಾಲಿ ಸವೆದಿದೆ ಎಂದು ಕಟ್ಟಡದ ಮ್ಯಾನೇಜರ ಕಿವಿ ಊದಿ ಹೋಗಿದ್ದ. ಇದನ್ನು ಕಿತ್ತು ಗುಂಡಿ ಒತ್ತಿದರೆ ತಾನಾಗಿ ಏರುವ ಲಿಫ್ಟು ಹಾಕಿಸೋಣ ಎಂದು ಮ್ಯಾನೇಜರು ರಾಗ ಎಳೆಯಲು ಶುರುಮಾಡಿದ್ದು ಆವತ್ತಿನಿಂದಲೇ. ಲಿಫ್ಟಿನ ಗತಿಯೇ ಹೀಗಾದರೆ ಲಿಫ್ಟಣ್ಣನ ಗತಿ ಏನು? ಎದೆಯಲ್ಲಿ ಏನೋ ಇದೆ ಎಂದು ಡಾಕ್ಟರು ಒಂದು ಮಾತು ಆಡಿದರೆ ಸಾಕು, ಲಿಫ್ಟು, ಸ್ಟೂಲು, ತಾನು ಮೂವರೂ ಒಟ್ಟಿಗೆ ಗುಜರಿಗೆ. ಬೇಲಿ ಮೇಲೆ ಹೋಗುತ್ತಿದ್ದ ಓತಿಕ್ಯಾತನನ್ನು ಹಿಡಿದು ಕಿವಿಯೊಳಗೆ ಬಿಟ್ಟುಕೊಳ್ಳಲು ಅವನೇನು ದಡ್ಡನೇ?

ಇದೆಲ್ಲ ಬಾಯಿಮಾತಿನ ಲೆಕ್ಕ. ನಿಜ ಹೇಳಬೇಕೆಂದರೆ ಅವನಿಗೆ ಹೆದರಿಕೆಯಾಗಿತ್ತು. ತಾನಿಲ್ಲದಿದ್ದರೆ ಹೆಂಡತಿ ಆ ಎರಡು ಕೋಣೆಯ ಮನೆಯಲ್ಲಿ ಯಾರ ಮೇಲೆ ರೇಗುತ್ತಾಳೆ ಎಂಬುದೇ ಅವನ ಯೋಚನೆ. ಅವಳೋ ಗಂಡ ಎಡಮಗ್ಗುಲಿಗೆ ಮಲಗುವುದನ್ನು ಬಿಟ್ಟದ್ದು ಯಾಕೆಂದು ಕೇಳಿಯೇ ಕೇಳಿದಳು. ಬಲಗಡೆ ಗಾಳಿ ಚೆನ್ನಾಗಿ ಬರುತ್ತದೆ ಎಂದ. ಬಲಗಡೆ ಇದ್ದದ್ದು ಗೋಡೆ.

ಕೊನೆಗೆ ಹಾವೂ ಸಾಯಬೇಕು, ಕೋಲೂ ಮುರಿಯಬಾರದು, ಅಂಥ ಉಪಾಯವೊಂದು ಹೊಳೆಯಿತು. ಡಾಕ್ಟರು ಇಡೀ ದಿನ ಜನರ ರೋಗ ಕಂಡುಹಿಡಿಯುತ್ತಲೇ ಇರುತ್ತಾರೆ. ಆ ಜನರೆಲ್ಲ ತನ್ನ ಲಿಫ್ಟಿನಲ್ಲೇ ಇಳಿದು ಬರುತ್ತಾರೆ. ಅವರಲ್ಲಿ ತನ್ನಂಥದೇ ನೋವಿರುವ ಒಬ್ಬನನ್ನು ಹುಡುಕಿ, ಅವನಿಗೆ ಡಾಕ್ಟರು ಏನು ಹೇಳಿದರೆಂದು ಕೇಳಿಕೊಂಡರೆ ಆಯಿತಲ್ಲ. ಡಾಕ್ಟರನ್ನು ಕಂಡ ಹಾಗೂ ಆಯಿತು, ಕಾಣದ ಹಾಗೂ ಆಯಿತು.

ಮಾರನೆಯ ದಿನದಿಂದ ವಿಚಾರಣೆ ಶುರು. ಬಾಗಿಲು ಎಳೆದು, ಹಿಡಿ ತಿರುಗಿಸಿ, ಬಹಳ ಗಂಭೀರವಾಗಿ ಲಿಫ್ಟಣ್ಣ ಕೇಳುತ್ತಿದ್ದ: ನೋವು ಎಲ್ಲಿ, ಯಾವ ಹೊತ್ತಿಗೆ, ಚುಚ್ಚುತ್ತದೋ ಹಿಂಡುತ್ತದೋ, ಭುಜಕ್ಕೆ ಬರುತ್ತದೋ ಇಲ್ಲವೋ. ಅವನಿಗೆ ಬೇಕಾದದ್ದು ಎದೆಯ ನೋವು. ಜನ ಕೊಟ್ಟದ್ದು ಬೇರೆ ಎಲ್ಲ. ಖಾಕಿ ಅಂಗಿ ತೊಟ್ಟ ಮನುಷ್ಯ ಡಾಕ್ಟರ ಕಟ್ಟಡದಲ್ಲಿ ಇಷ್ಟು ವಿವರವಾಗಿ ಕೇಳುತ್ತಿದ್ದಾನೆಂದರೆ ಡಾಕ್ಟರೇ ನೇಮಿಸಿರಬೇಕೆಂದು ಅವರು ತಿಳಿದರು. ಒಬ್ಬರು ಕೇಳದಿದ್ದರೂ ನಾಲಿಗೆ ಹೊರಗೆ ಹಾಕಿ ತೋರಿಸಿದರು. ಇನ್ನೊಬ್ಬರು ಅಂಗಿಯ ತೋಳು ಮಡಚಿ ಕೈ ಮುಂದೆ ಚಾಚಿದರು. ವಕೀಲರ ಹತ್ತಿರ ಹೊರಟಿದ್ದ ಒಬ್ಬ ಬಡಪಾಯಿ, ದಾಯಾದಿಗಳ ಕೇಸು ಶುರುವಾದಾಗಿನಿಂದ ತನ್ನ ಎದೆ ಉರಿಯುತ್ತಿದೆ ಎಂದು ಅತ್ತುಕೊಂಡು, ಮೊದಲನೆಯ ಮಹಡಿಯಲ್ಲಿ ಇಳಿಯುವುದನ್ನೂ ಮರೆತು ಎರಡು ಸಲ ಮೇಲೆ ಕೆಳಗೆ ಹೋದ. ಮೇಲೆ ಟೋಕನ್ ಕೊಡುವ ನರ್ಸಮ್ಮನಿಗೆ ತಲೆಬುಡ ತಿಳಿಯಲಿಲ್ಲ. ಏನಾಗಿದೆ ಎಂದು ಕೇಳಿದರೆ ರೋಗಿಗಳು, ಎಲ್ಲ ಕೆಳಗೆ ಹೇಳಿದ್ದಾಗಿದೆ ಎಂದು ಬೆಂಚಿನ ಮೇಲೆ ಕೂತುಬಿಡುತ್ತಿದ್ದರು.

ಇದನ್ನು ಬಯಲಿಗೆ ತಂದವರು ರೋಗಿಗಳಲ್ಲೊಬ್ಬರಾದ ಟೀಚರಮ್ಮ. ನಿವೃತ್ತರಾದ ಮೇಲೂ ಎದುರಿಗಿದ್ದವರನ್ನೆಲ್ಲ ಬೆಂಚಿನ ಮೇಲೆ ನಿಲ್ಲಿಸುವ ದನಿ ಉಳಿಸಿಕೊಂಡಿದ್ದ ಹೆಂಗಸು. ಮೆಟ್ಟಿಲ ಬಳಿ ಮ್ಯಾನೇಜರನ್ನು ತಡೆದು, "ಕೆಳಗಿನ ಡಾಕ್ಟರು ಎಷ್ಟು ಚೆನ್ನಾಗಿ ವಿಚಾರಿಸಿದ್ರು. ಮೇಲಿನವರು ಮುಖ ಎತ್ತಿ ನೋಡ್ಲೇ ಇಲ್ಲ. ಕೆಳಗಿನವರನ್ನೇ ಮೇಲೆ ಕೂರಿಸಬಾರ್ದಾ?" ಎಂದು ಕೇಳಿದರು. ಕೆಳಗಿನ ಡಾಕ್ಟರು ಯಾರೆಂದು ತಿಳಿದಾಗ ಮ್ಯಾನೇಜರ ಮೀಸೆ ಅದುರಿತು. ಲಿಫ್ಟಣ್ಣನನ್ನು ಕರೆದು, ಇನ್ನು ಮೇಲೆ ಮಹಡಿಯ ನಂಬರು ಬಿಟ್ಟು ಬೇರೆ ಏನಾದರೂ ಕೇಳಿದ್ದು ಕಿವಿಗೆ ಬಿದ್ದರೆ ಮಾರನೆಯ ದಿನವೇ ಗುಂಡಿಯ ಲಿಫ್ಟು ಎಂದು ಕಡ್ಡಿ ಮುರಿದ ಹಾಗೆ ಹೇಳಿದರು. ಗುಂಡಿ ಯಾರನ್ನೂ ಏನೂ ಕೇಳುವುದಿಲ್ಲ ಎಂದೂ ಸೇರಿಸಿದರು.

ಲಿಫ್ಟಣ್ಣ ಬಾಯಿಗೆ ಬೀಗ ಹಾಕಿಕೊಂಡ. ಆದರೆ ಹುಡುಕುವುದನ್ನು ಬಿಟ್ಟಾಗಲೇ ಬೇಕಾದದ್ದು ಸಿಗುವುದು. ಎದುರು ರಸ್ತೆಯ ಪೇಂಟ್ ಅಂಗಡಿಯ ಸಾಹುಕಾರರು ಒಂದು ಮಧ್ಯಾಹ್ನ ತಾವಾಗಿ ಲಿಫ್ಟಿಗೆ ಬಂದರು. ಸ್ಥೂಲ ದೇಹ, ಉಗುರಿನ ಅಂಚಿನಲ್ಲಿ ನೀಲಿ ಬಣ್ಣ, ಮುಖದಲ್ಲಿ ಬೆವರು. ಲಿಫ್ಟಣ್ಣ ಮಹಡಿ ಕೇಳಿದ್ದಷ್ಟೆ. ಸಾಹುಕಾರರು ಮೂರು ಎಂದು ಹೇಳಿ, ಎದೆಯ ಎಡಗಡೆ ಕೈಯಿಟ್ಟು, ಇಲ್ಲಿ ಒಂಥರಾ ಆಗುತ್ತದಪ್ಪ, ಭುಜಕ್ಕೂ ಬರುತ್ತದೆ, ಸಂಜೆ ಜಾಸ್ತಿ ಎಂದರು.

ಲಿಫ್ಟಣ್ಣನ ಕೈ ತಾನಾಗಿ ಹಿಡಿಯನ್ನು ನಿಲ್ಲಿಸಿತು. ಲಿಫ್ಟು ಎರಡು ಮಹಡಿಗಳ ನಡುವೆ ನಿಂತಿತು. ಕಳೆದುಹೋದ ಅಣ್ಣ ಸಿಕ್ಕಿದ ಹಾಗಾಯಿತು ಅವನಿಗೆ. ನಡೆದರೆ ಹೆಚ್ಚು, ಕೂತರೆ ಕಡಿಮೆ ಎಂದು ಸಾಹುಕಾರರು ಅಂದಾಗ ಮಾತ್ರ ಸ್ವಲ್ಪ ತೊಡಕಾಯಿತು. ಲಿಫ್ಟಣ್ಣನದು ದಿನವಿಡೀ ಕೂತೇ ಬರುವ ನೋವು. ಆದರೆ ಇಷ್ಟೆಲ್ಲ ಹೊಂದುವಾಗ ಒಂದು ಹೊಂದದಿದ್ದರೆ ಏನೀಗ ಎಂದು ಉದಾರವಾಗಿ ಬಿಟ್ಟುಕೊಟ್ಟ. ತನಗೂ ಅದೇ ಎಂದು ತಡೆಯಲಾರದೆ ಹೇಳಿಯೂಬಿಟ್ಟ. ಸಾಹುಕಾರರನ್ನು ಮೊಮ್ಮಗುವಿನ ಹಾಗೆ ಮೇಲೆ ಬಿಟ್ಟು, ಅವರು ಬರುವವರೆಗೆ ಉಗುರು ಕಚ್ಚುತ್ತಾ ಕಾದ.

ಸಾಹುಕಾರರು ಬಂದರು. ಲಿಫ್ಟಣ್ಣನ ಮುಖ ನೋಡದೆ, ಕಬ್ಬಿಣದ ಬಾಗಿಲು ನೋಡುತ್ತಾ, "ಏನಿಲ್ಲಪ್ಪ. ಗ್ಯಾಸ್ ಅಂತೆ," ಎಂದರು.

ಗ್ಯಾಸ್! ಆ ಪದ ಎಷ್ಟು ಇಂಪಾಗಿದೆ ಎಂದು ಲಿಫ್ಟಣ್ಣನಿಗೆ ಆವರೆಗೆ ಗೊತ್ತೇ ಇರಲಿಲ್ಲ. ಆವತ್ತು ಎರಡೆರಡು ಸಲ ಬಡಿಸಿಕೊಂಡು ಉಂಡ. ಹೆಂಡತಿಯ ಸೀರೆಯ ಬಣ್ಣ ಚೆನ್ನಾಗಿದೆ ಎಂದ. ಆ ಸೀರೆಯನ್ನು ಅವನು ಮದುವೆಯಾದ ಹೊಸತರಿಂದ ನೋಡುತ್ತಿದ್ದ, ಹಾಗಾಗಿ ಅವಳಿಗೆ ಅನುಮಾನ ಇನ್ನೂ ಹೆಚ್ಚಿತು. ನೋವೇನೋ ಮೊದಲಿನಷ್ಟೇ ಇತ್ತು. ಆದರೆ ಈಗ ಅದು ಬಂದಾಗ, ಬಾರಪ್ಪ ಗ್ಯಾಸು ಎಂದು ಮನೆಗೆ ಬಂದ ನೆಂಟನಂತೆ ಬರಮಾಡಿಕೊಳ್ಳುತ್ತಿದ್ದ.

ಈ ಸುಖ ಹೆಚ್ಚು ದಿನ ಉಳಿಯಲಿಲ್ಲ. ಒಂದು ಬೆಳಿಗ್ಗೆ ಲಿಫ್ಟಣ್ಣ ಕೆಲಸಕ್ಕೆ ಬಂದಾಗ ಕಟ್ಟಡದ ಮುಂದಿನ ಮೆಟ್ಟಿಲ ಮೇಲೆ ಪೇಂಟ್ ಅಂಗಡಿಯ ಸಾಹುಕಾರರು ಕೂತಿದ್ದರು. ಕಾಲಲ್ಲಿ ಬಿಳಿಯ ಹೊಸ ಬೂಟು, ಅಂಗಿಯೆಲ್ಲ ಒದ್ದೆ, ಬಾಯಿ ತೆರೆದು ಉಸಿರಾಡುತ್ತಿದ್ದರು. ಒಂದು ಕೈ ಎದೆಯ ಮೇಲಿತ್ತು. ಏನು ಸ್ವಾಮಿ ಎಂದು ಕೇಳಿದರೆ, ಡಾಕ್ಟರು ದಿನಾ ಜೋರಾಗಿ ನಡೆಯಲು ಹೇಳಿದ್ದಾರೆ ಎಂದರು. ಗ್ಯಾಸಿಗೆ ಜೋರಾಗಿ ನಡೆಯಬೇಕೇ ಎಂದ ಲಿಫ್ಟಣ್ಣ. ಸಾಹುಕಾರರು ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದರು.

"ಗ್ಯಾಸ್ ಅಲ್ಲ ಕಣಯ್ಯ," ಎಂದರು ಕೊನೆಗೆ. "ಏನಾಗಿದೆ ಅಂತ ಅವರು ಕೇಳಿದ್ರು. ಎದೆ ಅನ್ನೋಕೆ ಬಾಯಿ ತೆಗೆದೆ. ಮೊಣಕಾಲು ಅಂತ ಬಂದುಬಿಡ್ತು."

ಲಿಫ್ಟಣ್ಣನಿಗೆ ನಿಂತ ನೆಲವೇ ಕುಸಿದ ಹಾಗಾಯಿತು. ಅಂದರೆ ತಾನು ಇಷ್ಟು ದಿನ ಉಂಡು ತೇಗಿದ್ದು ಯಾರದೋ ಮೊಣಕಾಲಿನ ಮೇಲೆ! ಮೊಣಕಾಲು ನೋವೆಂದು ಡಾಕ್ಟರು ತೂಕ ಇಳಿಸಲು, ಚುರುಕಾಗಿ ನಡೆಯಲು ಹೇಳಿದ್ದರು. ಹೇಳಿದ್ದು ಸುಳ್ಳಾದರೂ ಕೊಟ್ಟ ಸಲಹೆಗೆ ಮರ್ಯಾದೆ ಕೊಡಬೇಕೆಂದು ಸಾಹುಕಾರರು ಎದೆ ಹಿಡಿದುಕೊಂಡು ನಡೆಯುತ್ತಿದ್ದರು. ಲಿಫ್ಟಣ್ಣನಿಗೆ ಒಮ್ಮೆಲೇ ಅಳು, ಸಿಟ್ಟು, ಕರುಣೆ ಎಲ್ಲ ಬಂದವು. ಮನುಷ್ಯ ಇಲ್ಲೇ ಉರುಳಿಬಿದ್ದರೆ ಏನು ಗತಿ ಎಂದು, ಏಳಿ, ಈಗಲೇ ಮೇಲೆ ಹೋಗಿ ನಿಜ ಹೇಳಿ ಎಂದು ಕೈ ಹಿಡಿದು ಎಬ್ಬಿಸಿದ. ಸಾಹುಕಾರರು ಎದ್ದು ಲಿಫ್ಟಿನವರೆಗೂ ಬಂದರು. ಒಳಗೆ ಬಂದ ಮೇಲೆ ಒಂದು ಷರತ್ತು ಹಾಕಿದರು.

"ನಿನಗೂ ಅದೇ ನೋವು ಅಂದಿದ್ಯಲ್ಲ. ನೀನು ಮೊದಲು ತೋರಿಸ್ಕೋ. ನಾನು ಹಿಂದೇನೇ ಬರ್ತೀನಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಲಿಫ್ಟಣ್ಣ ಎದೆ ಮುಟ್ಟಿಕೊಂಡ. ಲಿಫ್ಟು ಮೂರನೆಯ ಮಹಡಿಗೆ ಬಂತು. ಬಾಗಿಲು ತೆಗೆದ. ನೀವು ಮೊದಲು ಎಂದ. ನೀನು ಮೊದಲು ಎಂದರು ಸಾಹುಕಾರರು. ಎದುರಿಗೆ ನರ್ಸಮ್ಮ ಇಬ್ಬರನ್ನೂ ನೋಡುತ್ತಾ ಟೋಕನ್ ಹಿಡಿದು ನಿಂತಿದ್ದಳು. ಲಿಫ್ಟಣ್ಣ ಬಾಗಿಲು ಹಾಕಿ ಕೆಳಗೆ ಬಂದ. ಕೆಳಗೆ ಬಂದ ಮೇಲೆ ಇಬ್ಬರಿಗೂ ನಾಚಿಕೆಯಾಗಿ ಮತ್ತೆ ಮೇಲೆ ಹೋದರು. ಮತ್ತೆ ನೀವು ಮೊದಲು, ನೀನು ಮೊದಲು.

ಅಷ್ಟರಲ್ಲಿ ಕಟ್ಟಡ ಜನರಿಂದ ತುಂಬಿತ್ತು. ಕೆಳಗೆ ನಿಂತವರು ಗಂಟೆ ಒತ್ತಿದ್ದೇ ಒತ್ತಿದ್ದು. ಲಿಫ್ಟು ಬರುತ್ತಿತ್ತು, ಒಳಗಿನ ಇಬ್ಬರು ಹೊರಗಿನವರನ್ನು ಕಂಗಾಲಾಗಿ ನೋಡುತ್ತಿದ್ದರು, ಯಾರಿಗೂ ಬಾಗಿಲು ತೆಗೆಯದೆ ಮತ್ತೆ ಏರಿಹೋಗುತ್ತಿದ್ದರು. ಲಿಫ್ಟಿಗೆ ದೆವ್ವ ಹಿಡಿದಿದೆ ಎಂದರು ಕೆಲವರು. ಮುಷ್ಕರವಿರಬೇಕು ಎಂದರು ವಿಮಾ ಕಚೇರಿಯವರು. ಕೆಳಗಿನ ಡಾಕ್ಟರು ಗಂಭೀರ ರೋಗಿಯೊಬ್ಬರನ್ನು ನೋಡುತ್ತಿದ್ದಾರೆ, ಗಲಾಟೆ ಮಾಡಬೇಡಿ ಎಂದು ಟೀಚರಮ್ಮ ಎಲ್ಲರನ್ನೂ ಸುಮ್ಮನಾಗಿಸಿದರು. ಮ್ಯಾನೇಜರು ಮಾತ್ರ ಸುಮ್ಮನಾಗಲಿಲ್ಲ. ಇವತ್ತು ಈ ಮನುಷ್ಯನ ಕೆಲಸ ಮುಗಿಯಿತು ಎಂದು ಅಬ್ಬರಿಸುತ್ತಾ ಮೆಟ್ಟಿಲು ಹತ್ತಿದರು. ಅವರು ಎರಡನೆಯ ಮಹಡಿ ಮುಟ್ಟಿದಾಗ ಲಿಫ್ಟು ಇಳಿಯುತ್ತಿತ್ತು. ಇಳಿದು ಬಂದರೆ ಏರುತ್ತಿತ್ತು. ಬಾಗಿಲ ಸರಳುಗಳ ನಡುವೆ ಲಿಫ್ಟಣ್ಣನ ಕಾಲು ಒಮ್ಮೆ, ತಲೆ ಒಮ್ಮೆ ಕಂಡು ಮಾಯವಾಗುತ್ತಿದ್ದವು. ಮ್ಯಾನೇಜರು ಆ ಕಾಲುಗಳನ್ನೂ ಬೈದರು, ತಲೆಯನ್ನೂ ಬೈದರು.

ಲಿಫ್ಟಣ್ಣನಿಗೆ ಅದೆಲ್ಲ ಕೇಳಿಸುತ್ತಿತ್ತು. ಕೆಲಸ ಹೋಯಿತು ಎಂದು ಅವನಿಗೂ ಗೊತ್ತಾಗಿತ್ತು. ಮತ್ತೆ ಮೂರನೆಯ ಮಹಡಿ ಬಂತು. ನೀವು ಮೊದಲು ಎನ್ನಲು ತಿರುಗಿ ನೋಡಿದರೆ ಸಾಹುಕಾರರು ಗೋಡೆಗೆ ಒರಗಿದ್ದರು, ಮುಖ ಸುಣ್ಣದ ಹಾಗೆ ಬಿಳಿಚಿತ್ತು, ತುಟಿ ಒಣಗಿತ್ತು. ಆಗ ಲಿಫ್ಟಣ್ಣನಿಗೆ ಲಾಭವೂ ನೆನಪಾಗಲಿಲ್ಲ, ನಷ್ಟವೂ ನೆನಪಾಗಲಿಲ್ಲ. ಬಾಗಿಲು ಎಳೆದು ತೆಗೆದ. ಸಾಹುಕಾರರ ತೋಳನ್ನು ತನ್ನ ಹೆಗಲಿಗೆ ಹಾಕಿಕೊಂಡು, ಲಿಫ್ಟನ್ನು ಹಾಗೇ ಬಿಟ್ಟು, ಮೂರನೆಯ ಮಹಡಿಯಲ್ಲಿ ಇಳಿದೇಬಿಟ್ಟ. ಟೋಕನ್ ಎಂದು ಅಡ್ಡ ಬಂದ ನರ್ಸಮ್ಮನನ್ನು ದಾಟಿ ಸೀದಾ ಡಾಕ್ಟರ ಕೋಣೆಗೆ ನುಗ್ಗಿದ.

"ಇವರದ್ದು ಮೊಣಕಾಲಲ್ಲ ಡಾಕ್ಟ್ರೇ, ಎದೆ. ಎಡಗಡೆ. ನಡೆದ್ರೆ ಹಿಂಡುತ್ತೆ, ಕೂತ್ರೆ ಕಮ್ಮಿಯಾಗುತ್ತೆ, ಭುಜಕ್ಕೆ ಬರುತ್ತೆ. ಹೆದರ್ಕೊಂಡು ಸುಳ್ಳು ಹೇಳಿದ್ರು. ನನ್ನ ಹತ್ರ ನಿಜ ಹೇಳಿದ್ರು."

ಡಾಕ್ಟರು ಬೇರೇನೂ ಕೇಳಲಿಲ್ಲ. ಸಾಹುಕಾರರನ್ನು ಮಲಗಿಸಿ, ನಾಲಿಗೆಯ ಕೆಳಗೆ ಒಂದು ಮಾತ್ರೆ ಇಟ್ಟು, ಎದೆಗೆ ತಂತಿಗಳನ್ನು ಅಂಟಿಸಿದರು. ಯಂತ್ರದಿಂದ ಬಂದ ಕಾಗದವನ್ನು ನೋಡಿ ದೊಡ್ಡಾಸ್ಪತ್ರೆಗೆ ಫೋನು ಮಾಡಿಸಿದರು. ಗಾಡಿ ಬರುತ್ತದೆ, ಹೆದರಬೇಡಿ, ಹೊತ್ತಿಗೆ ಸರಿಯಾಗಿ ಬಂದಿದ್ದೀರಿ, ಇನ್ನು ನಾಲ್ಕು ದಿನ ನಡೆದಿದ್ದರೆ ಕಷ್ಟವಿತ್ತು ಎಂದರು. ಸಾಹುಕಾರರ ಮುಖಕ್ಕೆ ಬಣ್ಣ ಮರಳುತ್ತಿತ್ತು. ಲಿಫ್ಟಣ್ಣ ಮೆಲ್ಲಗೆ ಬಾಗಿಲ ಕಡೆ ಜಾರುತ್ತಿದ್ದ. ಡಾಕ್ಟರು ಕತ್ತೆತ್ತಿ, ನಿಮಗೇನಾದರೂ ತೊಂದರೆ ಇದೆಯೇ ಎಂದು ಸಹಜವಾಗಿ ಕೇಳಿದರು.

ಊರಿನ ನೋವನ್ನೆಲ್ಲ ಕೆದಕಿ ಕೇಳಿದ ಮನುಷ್ಯ, ಈಗಷ್ಟೇ ಇನ್ನೊಬ್ಬರ ಸುಳ್ಳನ್ನು ಬಯಲು ಮಾಡಿದ ಸತ್ಯಸಂಧ, ಎದೆ ಎನ್ನಲು ಬಾಯಿ ತೆಗೆದ.

"ಮೊಣಕಾಲು," ಎಂದ.

"ಸುಳ್ಳು ಡಾಕ್ಟ್ರೇ," ಎಂದರು ಸಾಹುಕಾರರು ಮಲಗಿದ್ದಲ್ಲಿಂದಲೇ, ತಂತಿಗಳ ನಡುವಿನಿಂದ ಬೆರಳು ತೋರಿಸಿ. "ಅವನಿಗೂ ಎದೇನೇ. ಬಿಡಬೇಡಿ."

ಡಾಕ್ಟರು ಬಿಡಲಿಲ್ಲ. ಅಂಗಿ ಬಿಚ್ಚಿಸಿದರು, ಎದೆ ಕೇಳಿದರು, ಬೆನ್ನು ಕೇಳಿದರು, ಸಾಹುಕಾರರ ತಂತಿಗಳನ್ನೇ ತಂದು ಅಂಟಿಸಿದರು. ಅಷ್ಟರಲ್ಲಿ ಮ್ಯಾನೇಜರು ಏದುಸಿರು ಬಿಡುತ್ತಾ ಬಾಗಿಲಿಗೆ ಬಂದು, ಬೆರಳೆತ್ತಿ, ನೀನು, ನೀನು ಎಂದರು. ಮುಂದಿನ ಮಾತಿಗೆ ಉಸಿರೇ ಇರಲಿಲ್ಲ. ನರ್ಸಮ್ಮ ಅವರನ್ನು ಬೆಂಚಿನ ಮೇಲೆ ಕೂರಿಸಿ ಕೈಗೊಂದು ಟೋಕನ್ ಕೊಟ್ಟಳು. ಅವರು ಅದನ್ನು ಬೇಡವೆನ್ನಲಿಲ್ಲ.

ಲಿಫ್ಟಣ್ಣ ಕಣ್ಣು ಮುಚ್ಚಿಕೊಂಡು ಮಲಗಿದ್ದ. ಯಂತ್ರ ಕಾಗದ ಉಗುಳಿತು. ಡಾಕ್ಟರು ಅದನ್ನು ಓದಿದರು. ಆಮೇಲೆ ಅವನ ಎಡತೋಳನ್ನು ಹಿಡಿದು ಒಮ್ಮೆ ಎಳೆದರು. ಅವನು ನೋವಿಗೆ ಅಯ್ಯೋ ಎಂದ. ಹೃದಯ ನೆಟ್ಟಗಿದೆ ಎಂದರು ಡಾಕ್ಟರು. ದಿನವಿಡೀ ಒಂದೇ ಕೈಯಲ್ಲಿ ಆ ಕಬ್ಬಿಣದ ಬಾಗಿಲು ಎಳೆದು ಎಳೆದು ಎದೆಯ ಪಕ್ಕದ ಸ್ನಾಯು ನೊಂದಿದೆ, ಸ್ವಲ್ಪ ದಿನ ಇನ್ನೊಂದು ಕೈಯಲ್ಲಿ ಎಳೆಯಿರಿ ಎಂದರು. ಲಿಫ್ಟಣ್ಣನಿಗೆ ಅದನ್ನು ನಂಬಲಾಗಲಿಲ್ಲ. ಪಕ್ಕದ ಮಂಚದಲ್ಲಿದ್ದ ಸಾಹುಕಾರರ ಕಡೆ ತಪ್ಪಿತಸ್ಥನ ಹಾಗೆ ನೋಡಿದ. ತಮಗಿರುವುದು ಇವನಿಗಿಲ್ಲ ಎಂದು ಅವರಿಗೆ ನಿಜಕ್ಕೂ ಸಂತೋಷವಾಗಿತ್ತು. ಕೈ ಚಾಚಿ ಅವನ ಕೈ ಹಿಡಿದುಕೊಂಡರು. ಲಿಫ್ಟಣ್ಣ ಬಿಕ್ಕಿ ಬಿಕ್ಕಿ ಅತ್ತ.

ಅವನು ಹಾಗೆ ಅಳುತ್ತಿರುವಾಗಲೇ ಹೆಂಡತಿ ಬಂದದ್ದು. ಮರೆತುಬಂದಿದ್ದ ಊಟದ ಡಬ್ಬಿ ಕೊಡಲು ಬಂದವಳಿಗೆ ಕೆಳಗಿದ್ದ ಜನ, ನಿನ್ನ ಗಂಡನನ್ನು ಡಾಕ್ಟರು ಮಲಗಿಸಿದ್ದಾರೆ ಎಂದಿದ್ದರು. ಲಿಫ್ಟು ನಡೆಸುವವನೇ ಮಲಗಿದ್ದರಿಂದ ಅವಳು ಮೆಟ್ಟಿಲು ಹತ್ತಿಯೇ ಬಂದಿದ್ದಳು. ಬಾಗಿಲ ಚೌಕಟ್ಟು ಹಿಡಿದು ನಿಂತು, ಉಸಿರು ಸಿಕ್ಕಿದಷ್ಟು ಸಿಕ್ಕಿದಷ್ಟು ಬೈದಳು. ಎಡಮಗ್ಗುಲು ಬಿಟ್ಟಾಗಲೇ ತನಗೆ ಗೊತ್ತಾಗಿತ್ತು, ಗೋಡೆಯಿಂದ ಗಾಳಿ ಬರುತ್ತದೆಯೇ, ಬಾಯಿ ಬಿಟ್ಟು ಹೇಳಿದ್ದರೆ ಗಂಟೇನು ಹೋಗುತ್ತಿತ್ತು, ಮನೆಯವಳು ಅಂತ ಒಬ್ಬಳು ಇದ್ದಾಳೆ ಅನ್ನುವುದಾದರೂ ನೆನಪಿದೆಯೇ. ಡಾಕ್ಟರು, ಅವರಿಗೇನೂ ಆಗಿಲ್ಲ, ಗಟ್ಟಿಯಾಗಿದ್ದಾರೆ ಎಂದರು. ಅವಳು ಥಟ್ಟನೆ ಬಾಯಿ ಮುಚ್ಚಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಬೈಗುಳವೆಲ್ಲ ಖಾಲಿಯಾದರೂ ಏದುಸಿರು ನಿಂತಿರಲಿಲ್ಲ.

ಡಾಕ್ಟರು ಅವಳನ್ನು ಸ್ವಲ್ಪ ಹೊತ್ತು ನೋಡಿದರು. "ನಿಮಗೇನಮ್ಮ ತೊಂದರೆ?"

"ನನಗೇನು? ನಾನು ಚೆನ್ನಾಗಿದೀನಿ," ಎಂದಳು ಅವಳು. "ಮೆಟ್ಟಿಲು ಹತ್ತಿದ್ನಲ್ಲ, ಮೊಣಕಾಲು ನೋವು ಅಷ್ಟೆ."

ಸಾಹುಕಾರರು ತಲೆಯೆತ್ತಿ ನೋಡಿದರು. ಬೆಂಚಿನ ಮೇಲಿದ್ದ ಮ್ಯಾನೇಜರೂ ಇಣುಕಿದರು. ಎಲ್ಲರೂ ತನ್ನನ್ನೇ ಯಾಕೆ ನೋಡುತ್ತಿದ್ದಾರೆಂದು ಅವಳಿಗೆ ಅರ್ಥವಾಗಲಿಲ್ಲ. ನಿಜವಾಗಿಯೂ ಮೊಣಕಾಲೇ ರೀ ಎಂದು ಗಂಡನ ಕಡೆ ತಿರುಗಿದಳು. ಲಿಫ್ಟಣ್ಣ ಆಗಲೇ ಮಂಚದಿಂದ ಇಳಿದಿದ್ದ. ಅವಳ ಕೈಯಿಂದ ಊಟದ ಡಬ್ಬಿ ತೆಗೆದುಕೊಂಡು, ಅಂಗೈಯಲ್ಲಿ ಹಾಸಿಗೆಯ ಸುಕ್ಕು ಸರಿಮಾಡಿ, ಮಲಕ್ಕೋ ಎಂದ.